ಚಂದಮಾಮದಿಂದ ‘ಬಾಹುಬಲಿ’ಯವರೆಗೆ: ಒಬ್ಬ ವರ್ತಕನ ಲೆಕ್ಕ

ವ್ಯಾಪಾರಸ್ಥರ ಮನೆಗಳಲ್ಲಿ ಸಿನಿಮಾ, ಹಾಡು, ಚಿತ್ರಕಥೆ ಮುಂತಾದವುಗಳನ್ನು ಖರ್ಚಿನ ಬಾಬ್ತಿಗೆ ಬರೆಯುವುದು ವಾಡಿಕೆ. ‘ಅದರಿಂದ ಬರುವುದೇನು?’ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಜೀನಸಿನ ಅಂಗಡಿಯಲ್ಲಿ ನಲುವತ್ತು ವರ್ಷಗಳಿಗೂ ಮಿಕ್ಕಿ ಕುಳಿತ ಮೇಲೆ ನನಗೆ ತೋರುವುದು ಇಷ್ಟು: ಗಡಿನಾಡಿನಲ್ಲಿರುವ ನಮ್ಮಂಥ ಕುಟುಂಬಗಳು ಇವುಗಳನ್ನು ಜಮೆಯ ಕಡೆಗೂ ಬರೆದುಕೊಳ್ಳಬೇಕು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕಾಲಕ್ರಮದಲ್ಲಿ ಕಚೇರಿಯ ಕಾಗದ, ಬಸ್ಸಿನ ಬೋರ್ಡು ಎಲ್ಲವೂ ಮಲಯಾಳಕ್ಕೆ ತಿರುಗಿದವು. ಮನೆಯೊಳಗೆ ಕನ್ನಡ ಉಳಿಯಿತು. ಅದನ್ನು ಉಳಿಸಿದ್ದರಲ್ಲಿ ಕನ್ನಡ ಶಾಲೆಗಳ ಪಾಲು ದೊಡ್ಡದು. ಆದರೆ ಶಾಲೆ ಬಿಟ್ಟ ಮೇಲೆ ಓದುವ ಆಸೆಯನ್ನು ಹುಟ್ಟಿಸಿದ್ದು ಚಂದಮಾಮ. 1947ರಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ನಮ್ಮ ಅಂಗಡಿಗೆ ಪೊಟ್ಟಣ ಕಟ್ಟಲು ತೂಕದ ಲೆಕ್ಕದಲ್ಲಿ ಹಳೆಯ ಕಾಗದ ಬರುತ್ತಿತ್ತು. ಅದರ ನಡುವೆ ಚಂದಮಾಮ ಸಿಕ್ಕಿದರೆ ಅದನ್ನು ಬೇರೆ ತೆಗೆದಿಡುವುದು ನನ್ನ ಕೆಲಸ. ಬೇತಾಳನ ಪ್ರಶ್ನೆಯಿರುವ ಪುಟದಲ್ಲಿ ಸಾಸಿವೆ ಕಟ್ಟಲು ಯಾರಿಗೆ ಮನಸ್ಸು ಬಂದೀತು? ಚಿತ್ರಕಾರ ಶಂಕರ್ ಅವರು ಬಿಡಿಸಿದ, ಹೆಗಲ ಮೇಲೆ ಹೆಣ ಹೊತ್ತು ನಡೆಯುವ ವಿಕ್ರಮನ ಚಿತ್ರ ಇಂದಿಗೂ ನಮ್ಮ ವಯಸ್ಸಿನವರ ಕಣ್ಣಿಗೆ ಕಟ್ಟಿದೆ.

ನನ್ನ ಮಕ್ಕಳ ಕಾಲಕ್ಕೆ ಬಾಲಮಂಗಳ ಬಂತು. ಡಿಂಗನ ಸಾಹಸಗಳಿಗಾಗಿ ಮಕ್ಕಳು ಕಾದು ಕುಳಿತಿರುತ್ತಿದ್ದರು. ಆ ಕನ್ನಡ ಪತ್ರಿಕೆಯನ್ನು ಹೊರಡಿಸುತ್ತಿದ್ದವರು ಕೇರಳದ ಕೋಟ್ಟಯಂನ ಪ್ರಕಾಶಕರು! ಮಲಯಾಳದ ಊರಿನಿಂದ ನಮ್ಮ ಮಕ್ಕಳಿಗೆ ಕನ್ನಡ ಓದಿನ ರುಚಿ ಬಂತೆಂದರೆ, ಭಾಷೆಗಳ ನಡುವಿನ ಗಡಿ ನಾವು ತಿಳಿದಷ್ಟು ಗಟ್ಟಿಯಲ್ಲ.

ಹಾಡಿನ ಮಾತೂ ಹಾಗೆಯೇ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ನಮ್ಮ ಕಡೆಯ ಅಂಗಡಿಗಳಲ್ಲಿ ರೇಡಿಯೋ ಇಡುವುದು ಹೆಚ್ಚಾಯಿತು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಇವರಿಬ್ಬರೂ ತೆಲುಗು ನಾಡಿನಲ್ಲಿ ಹುಟ್ಟಿದವರು; ಯೇಸುದಾಸ್, ಚಿತ್ರಾ ಕೇರಳದವರು. ಆದರೂ ಕನ್ನಡದ ಅಕ್ಷರ ಅವರ ಬಾಯಲ್ಲಿ ಎಷ್ಟು ಸ್ಪಷ್ಟ! ಶ್ರದ್ಧೆಯಿಂದ ಕಲಿತವನಿಗೆ ಭಾಷೆ ಒಲಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ‘ನಮ್ಮ ಮಗು ಮಲಯಾಳ ಮಾಧ್ಯಮ, ಇಂಗ್ಲಿಷ್ ಮಾಧ್ಯಮ, ಆದ್ದರಿಂದ ಕನ್ನಡ ಬಾರದು’ ಎನ್ನುವ ತಂದೆತಾಯಿಗಳು ಇದನ್ನು ಯೋಚಿಸಬೇಕು.

ಇನ್ನು ಸಿನಿಮಾ. ರಾಜಮೌಳಿಯವರ ‘ಬಾಹುಬಲಿ’ 2015ರಲ್ಲಿ ಬಂತು, ಎರಡನೆಯ ಭಾಗ 2017ರಲ್ಲಿ. ಅದಾದ ಕೆಲವು ಸಮಯಕ್ಕೆ ಮೊಮ್ಮಗನನ್ನು ಕಾರ್ಕಳದ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. 1432ರಲ್ಲಿ ಪ್ರತಿಷ್ಠೆಯಾದ, ಸುಮಾರು 42 ಅಡಿ ಎತ್ತರದ ಮೂರ್ತಿಯನ್ನು ಅವನು ತಲೆಯೆತ್ತಿ ನೋಡಿ, “ಅಜ್ಜಾ, ಬಾಹುಬಲಿಯ ಕತ್ತಿ ಎಲ್ಲಿ?” ಎಂದು ಕೇಳಿದ. ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಗೆದ್ದ ಮೇಲೆ ಗೆದ್ದದ್ದನ್ನೇ ಬಿಟ್ಟು ನಡೆದವನ ಕಥೆಯನ್ನು ಅಲ್ಲಿಯೇ ನೆರಳಿನಲ್ಲಿ ಕೂರಿಸಿ ಹೇಳಿದೆ. “ಗೆದ್ದವನು ಯಾಕೆ ಬಿಡಬೇಕು?” ಎಂದು ಮತ್ತೊಂದು ಪ್ರಶ್ನೆ ಬಂತು. ಅಂಥ ಪ್ರಶ್ನೆ ಹುಟ್ಟಿತೆಂದರೆ ಕಥೆ ಒಳಗೆ ಇಳಿಯಿತೆಂದೇ ಅರ್ಥ.

ಇದಕ್ಕಾಗಿ ಸಿನಿಮಾದವರನ್ನು ದೂರಿ ಫಲವಿಲ್ಲ. ಕಥೆಯನ್ನು ಕಾಲಕ್ಕೆ ತಕ್ಕಂತೆ ಬದಲಿಸುವುದು ನಮ್ಮಲ್ಲೂ ಹೊಸತಲ್ಲ. ಪಂಪನು 941ರಲ್ಲಿ ‘ಆದಿಪುರಾಣ’ದಲ್ಲಿ ಹೇಳಿದ ಭರತ-ಬಾಹುಬಲಿಯರ ಯುದ್ಧವನ್ನು ಮೂಡಬಿದಿರೆಯ ರತ್ನಾಕರವರ್ಣಿಯು 16ನೆಯ ಶತಮಾನದಲ್ಲಿ ತನ್ನ ‘ಭರತೇಶ ವೈಭವ’ದಲ್ಲಿ ಬೇರೆ ರೀತಿಯಾಗಿ, ಮೃದುವಾಗಿ ಹೇಳಿದ. ಅದನ್ನು ಬರೆದದ್ದೂ ಹಾಡಲು ಒದಗುವ ಸಾಂಗತ್ಯದಲ್ಲಿ. ಅಂದಿನ ಜನಪ್ರಿಯ ಸಾಹಿತ್ಯ ಅದೇ ತಾನೇ?

ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಅವರ ಉದಾಹರಣೆ ನಮಗೆ ದಾರಿ ತೋರಿಸುತ್ತದೆ. ದೆಹಲಿ ದೂರದರ್ಶನದ ಒಂದು ರಸಪ್ರಶ್ನೆ ಕಾರ್ಯಕ್ರಮದಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಕೊಟ್ಟ ವಿದ್ಯಾರ್ಥಿಗಳಿಗೆ ಶ್ರೀರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಅದನ್ನು ಕಂಡ ಅವರು ಮಕ್ಕಳನ್ನು ಬೈಯುತ್ತಾ ಕೂರಲಿಲ್ಲ. 1967ರಲ್ಲಿ ‘ಅಮರ ಚಿತ್ರಕಥೆ’ಯ ಕೆಲಸಕ್ಕೆ ಇಳಿದರು. ಮಹಾವೀರ ಸ್ವಾಮಿಯ ಕಥೆಯೂ ಆ ಮಾಲೆಯಲ್ಲಿ ಬಂದಿದೆ. ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆಂದು ಕಂಡಾಗ ಜಾಣ ವರ್ತಕ ಮಾಡುವುದೂ ಇದನ್ನೇ. ಅವನು ತನ್ನ ಅಂಗಡಿಯಲ್ಲಿ ಒಳ್ಳೆಯ ಸರಕು ತಂದಿಡುತ್ತಾನೆ.

ನಮ್ಮ ಊರಿನ ಮೇಲೆಯೇ ರಿಷಬ್ ಶೆಟ್ಟಿಯವರು 2018ರಲ್ಲಿ ‘ಸರಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರ ಮಾಡಿದರು. ಮುಚ್ಚುವ ಸ್ಥಿತಿಗೆ ಬಂದ ಕನ್ನಡ ಶಾಲೆಯ ಕಥೆಯನ್ನು ಅವರು ಅಳಿಸಿ ಹೇಳದೆ ನಗಿಸಿ ಹೇಳಿದರು. ಅದಕ್ಕೆ ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಸಭೆ, ಮನವಿಗಳು ಮುಟ್ಟದ ಕಡೆಗೂ ನಮ್ಮ ಕಷ್ಟವನ್ನು ಆ ಸಿನಿಮಾ ಮುಟ್ಟಿಸಿತು.

ಆದರೆ ನೋಡುವುದು, ಕೇಳುವುದು ಅರ್ಧ ವ್ಯಾಪಾರ ಮಾತ್ರ. ಮೊಬೈಲಿನಲ್ಲಿ ಕನ್ನಡ ಹಾಡು ಕೇಳುವ ಮಕ್ಕಳಲ್ಲಿ ಹಲವರಿಗೆ ಆ ಹಾಡಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಓದಲು ಬಾರದು. ಕಿವಿಯಲ್ಲಿ ಮಾತ್ರ ಉಳಿದ ಭಾಷೆ ಒಂದು ತಲೆಮಾರಿಗೆ ಸಾಕಾದೀತು, ಎರಡನೆಯದಕ್ಕೆ ಸಾಲದು. ಈ ಮಣ್ಣಿನಲ್ಲಿ ಕುಂಬಳೆಯ ಪಾರ್ತಿಸುಬ್ಬ ಯಕ್ಷಗಾನ ಪ್ರಸಂಗಗಳನ್ನು ಬರೆದ. ಮಂಜೇಶ್ವರದ ಗೋವಿಂದ ಪೈಗಳು 1949ರಲ್ಲಿ ರಾಷ್ಟ್ರಕವಿಯೆನಿಸಿದರು. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ತೀರಿಕೊಳ್ಳುವವರೆಗೂ ಕನ್ನಡಕ್ಕಾಗಿಯೇ ಬಾಳಿದರು. ಅವರ ಊರಿನ ಮಕ್ಕಳಿಗೆ ಅವರ ಪುಸ್ತಕ ಓದಲು ಬಾರದಂತೆ ಆಗಬಾರದು.

ಆದುದರಿಂದ ಸಮಾಜ ಬಾಂಧವರಲ್ಲಿ, ಮುಖ್ಯವಾಗಿ ತಾಯಂದಿರಲ್ಲಿ ನನ್ನ ವಿನಂತಿ. ಮಕ್ಕಳನ್ನು ಸಿನಿಮಾಕ್ಕೆ ಕಳುಹಿಸಿ, ಸಾಧ್ಯವಾದರೆ ಜೊತೆಗೆ ಹೋಗಿ. ಬಂದ ಮೇಲೆ ಆ ಕಥೆಯನ್ನು ಕನ್ನಡ ಅಕ್ಷರದಲ್ಲಿ ಹತ್ತು ಸಾಲು ಬರೆಯಲು ಹೇಳಿ. ತಪ್ಪಿದ್ದರೆ ಇರಲಿ, ಕೆಂಪು ಶಾಯಿ ಹಾಕಬೇಡಿ. ಆ ಹಾಳೆಯನ್ನು ಮನೆಯ ಹಿರಿಯರು ಎಲ್ಲರೆದುರು ಗಟ್ಟಿಯಾಗಿ ಓದಲಿ. ನಮ್ಮ ಮನೆಯಲ್ಲಿ ಮೊಮ್ಮಗ ಕಾರ್ಕಳದ ಕಥೆಯಿಂದಲೇ ಬರೆಯಲು ತೊಡಗಿದ್ದಾನೆ. ಮೊದಲ ಹಾಳೆಯಲ್ಲಿ ಐದೇ ಸಾಲು ಇತ್ತು, ಈಗ ಒಂದು ನೋಟ್‌ಬುಕ್ಕು ತುಂಬುತ್ತಾ ಬಂದಿದೆ.