ಬೆಂಗಳೂರಿನ ಬಂಗಲೆಗಳು: ಮುಖಭಾಗ ಮತ್ತು ಒಳಮನೆ

ಮನೆಯ ವಿನ್ಯಾಸ ವಿಸ್ತಾರಗಳು ಒಡೆಯನ ಸ್ವಂತ ಅಭಿರುಚಿಗೆ ಸೇರಿದವೆಂಬುದು ಸಾಮಾನ್ಯವಾದ ನಂಬಿಕೆ. ಆ ಅಭಿರುಚಿಯನ್ನೇ ಕಾಲವು ರೂಪಿಸುವುದುಂಟೆಂಬುದಕ್ಕೆ ಬೆಂಗಳೂರಿನ ಹಳೆಯ ಬಂಗಲೆಗಳು ನಿದರ್ಶನವಾಗಿವೆ.

ಪೇಟೆಯಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿದ್ದವು. ಬೀದಿಗೆ ಜಗಲಿ, ಉಳ್ಳವರಾದರೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. 1809ರಲ್ಲಿ ಸ್ಥಾಪಿತವಾದ ದಂಡುಪ್ರದೇಶದ ಕ್ರಮ ಇದಕ್ಕೆ ವಿಪರೀತವಾದುದು: ನಡುವೆ ಮನೆ, ಸುತ್ತಲೂ ತೋಟ. ಹೀಗೆ ಸುಮಾರು ತೊಂಬತ್ತು ವರ್ಷಗಳ ಕಾಲ ನೆರೆಯಲ್ಲಿಯೇ ಬಂಗಲೆಗಳಿದ್ದರೂ ಪೇಟೆಯ ಸಾಮಾನ್ಯ ಗೃಹಸ್ಥರು ತಮ್ಮ ಪದ್ಧತಿಯನ್ನು ಬಿಡಲಿಲ್ಲ. 1898ರಲ್ಲಿ ಪ್ಲೇಗು ಬಂದಿತು. ಇಕ್ಕಟ್ಟಾದ ಬೀದಿಗಳಲ್ಲಿ ಸಾವು ಹಬ್ಬಿದ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ರಸ್ತೆಗಳೊಡನೆ ಬೆಳೆದವು. ಅಲ್ಲಿಯ ಬಂಗಲೆಗಳನ್ನು ಆಂಗ್ಲರ ಅನುಕರಣವೆಂದಷ್ಟೇ ಹೇಳುವುದು ಅರ್ಧಸತ್ಯ. ಗಾಳಿ ಬೆಳಕುಗಳ ಆ ಹಂಬಲದ ಹಿಂದೆ ಭಯವೂ ಇದ್ದಿತು.

ಮುಖಭಾಗದಲ್ಲಿ ಅನುಕರಣವುಂಟು, ನಿಜ. ಮಂಗಳೂರು ಹೆಂಚಿನ ಇಳಿಜಾರು, ವರಾಂಡ, ಕಿಟಕಿಗಳ ಮೇಲೆ ಚೂಪಾದ ಮರದ ಪಟ್ಟಿಗಳ ಮುಸುಕು. ಈ ಮುಸುಕಿಗೆ ‘ಮಂಕಿ ಟಾಪ್’ ಎಂಬ ಹೆಸರು ನಿಂತಿದೆ. ಕಪಿಗಳನ್ನು ಎಳೆದುತಂದು ಅದಕ್ಕೆ ಕೊಡುವ ವಿವರಣೆಗಳಲ್ಲಿ ಯಾವುದೂ ನನಗೆ ಒಪ್ಪಿಗೆಯಾಗಿಲ್ಲ. ಒಳಹೊಕ್ಕರೆ ಬೇರೆ ಮಾತು. ದೇವರಮನೆ, ಹಿಂಬದಿಯ ಅಡುಗೆಮನೆ, ಹಂಡೆಯ ಬಚ್ಚಲು, ಬಾವಿ ಇವು ಪೇಟೆಯಿಂದಲೇ ಬಂದವು. ಎಷ್ಟೋ ಕಡೆ ನಡುವಣ ಹಜಾರವು ಸೂರು ಹೊದಿಸಿದ ತೊಟ್ಟಿಯೇ ಆಗಿದ್ದು, ಮೇಲ್ಗೋಡೆಯ ಬೆಳಕಿಂಡಿಗಳು ಆಕಾಶದ ಕೆಲಸವನ್ನು ಮಾಡುತ್ತವೆ.

ಈ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಕೆಡವುವ ಮುನ್ನ ತೆಗೆಯುವ ಛಾಯಾಚಿತ್ರಗಳಲ್ಲಿ ಹೆಚ್ಚಾಗಿ ಉಳಿಯುವುದು ಮುಖಭಾಗವೇ. ಅಳತೆಯಿಟ್ಟು ಬರೆದ ನೆಲನಕ್ಷೆಯಿಲ್ಲದಿದ್ದರೆ, ಮುಂದಿನ ಸಂಶೋಧಕನಿಗೆ ಅನುಕರಣದ ಸಾಕ್ಷ್ಯ ಮಾತ್ರವೇ ಸಿಕ್ಕೀತು.