ಸ್ಟೆಪ್ 7 ಕ್ರ್ಯಾಶ್ ಆಯ್ತಾ? ಮೊದಲು ಡಿಸ್ಕ್ ಕಾಪಿ!

ಹಳೇ ವಿಂಡೋಸ್ ಎಕ್ಸ್‌ಪಿ ಲ್ಯಾಪ್‌ಟಾಪಲ್ಲಿ ಸೀಮೆನ್ಸ್ ಸ್ಟೆಪ್ 7
ಪ್ರಾಜೆಕ್ಟ್ ತೆರೆದ ಕೂಡಲೇ ಮುಚ್ಚಿಕೊಳ್ತಿದ್ಯಾ?
ಗಾಬರಿ ಬೇಡ. ಮಷಿನ್ ನಡೆಸೋ ಪ್ರೋಗ್ರಾಂ ಇರೋದು
ಎಸ್7-300 ಪಿಎಲ್‌ಸಿ ಒಳಗೆ.
ಲ್ಯಾಪ್‌ಟಾಪ್ ಕೆಟ್ಟರೂ ಅದು ಓಡ್ತಾನೇ ಇರುತ್ತೆ.

ಹಾಗಾಗಿ ದಯವಿಟ್ಟು, ಆತುರದಲ್ಲಿ ಫಾರ್ಮ್ಯಾಟ್ ಮಾಡ್ಬೇಡಿ.
ಲೈಸೆನ್ಸ್ ಕೀ ಇರೋದು ಅದೇ ಹಾರ್ಡ್ ಡಿಸ್ಕಲ್ಲಿ.
ಪ್ರೋಗ್ರಾಮಿನ ಕಾಮೆಂಟುಗಳೂ ಅಲ್ಲೇ;
ಪಿಎಲ್‌ಸಿಯಿಂದ ಅಪ್‌ಲೋಡ್ ಮಾಡ್ಕೊಂಡ್ರೆ ಅವು ಬರಲ್ಲ.
ಅಜ್ಜನ ಕಾಲದ ಕ್ರಯಪತ್ರ ಹರೀತಿದ್ರೆ,
ಅಂಟು ಹಚ್ಚೋ ಮೊದಲು ಜೆರಾಕ್ಸ್ ಮಾಡಿಸ್ತೀವಲ್ಲ?
ಹಾಗೇ ಮೊದಲು ಇಡೀ ಡಿಸ್ಕಿನ ಇಮೇಜ್ ತೆಗೀರಿ.

ಆಮೇಲೆ ಖಾಲಿ ಪ್ರಾಜೆಕ್ಟ್ ಒಂದನ್ನ ತೆರೆದು ನೋಡಿ.
ಅದು ಸರಿಯಿದ್ರೆ, ಕೆಟ್ಟಿರೋದು ಬಹುಶಃ ಹಳೇ ಪ್ರಾಜೆಕ್ಟ್.
ಅದೂ ಬಿದ್ರೆ, ಡಿಸ್ಕ್, ವಿಂಡೋಸ್ ಪರೀಕ್ಷಿಸಿ.

ಹೊಸ ವಿಂಡೋಸ್ ಹಾಕಿದ್ರಾಗಲ್ವಾ ಅಂತೀರಾ?
ಎಕ್ಸ್‌ಪಿಗೆ ಬೆಂಬಲ 2014ರಲ್ಲೇ ನಿಂತಿದೆ, ನಿಜ.
ಆದ್ರೆ ಆ ಕಾಲದ ಸ್ಟೆಪ್ 7ಗೆ ಹೊಸ ವಿಂಡೋಸ್ ಒಗ್ಗಲ್ಲ.
ಎಕ್ಸ್‌ಪಿಯನ್ನ ವರ್ಚುವಲ್ ಮಷಿನ್ ಒಳಗೆ,
ಇಂಟರ್ನೆಟ್ ಕೊಡದೆ ಇಟ್ಕೊಳ್ಳಿ.