ಶಿಖರ ಬೇಡ, ಕೆರೆ ಸಾಕು

ಸಕಲೇಶಪುರದ ಕಡೆ ಚಾರಣ ಎಂದರೆ ಹುಡುಗರ ಬಾಯಿಗೆ ಬರುವುದು ಗುಡ್ಡದ ಹೆಸರುಗಳೇ. ಜೇನುಕಲ್ಲು, ಒಂಬತ್ತು ಗುಡ್ಡ, ಪಾಂಡವರ ಗುಡ್ಡ, ತುಸು ಆಚೆ ಮೂಡಿಗೆರೆ ಸೀಮೆಯ ಎತ್ತಿನಭುಜ. ಅರವತ್ತು ದಾಟಿದವರ ಬಳಗ ಕೇಳುವ ಪ್ರಶ್ನೆಗಳೇ ಬೇರೆ. ಅಲ್ಲಿ ನೀರಿದೆಯಾ? ಕೂರೋಕೆ ನೆರಳಿದೆಯಾ? ಜೀಪು ಎಲ್ಲಿವರೆಗೆ ಬರುತ್ತೆ? ಈ ಮೂರಕ್ಕೂ ಒಪ್ಪುವ ಉತ್ತರ ಸಿಗುವುದು ಗುಡ್ಡದ ತುದಿಯಲ್ಲಲ್ಲ, ಅದರ ಮಡಿಲಲ್ಲಿರುವ ಕೆರೆಯಲ್ಲಿ. ಹಾಗಾಗಿ ಹಿರಿಯರ ಚಾರಣ ಈ ಭಾಗದಲ್ಲಿ ತನ್ನದೇ ದಾರಿ ಹಿಡಿದಿದೆ. ಅದು ನೀರಿನ ಜಾಡು ಹಿಡಿದು ಹೋಗುವ ನಡಿಗೆ.

ಇಂಥ ಬಳಗಗಳಿಗೆ ಬೋರ್ಡಿಲ್ಲ, ರಸೀದಿ ಪುಸ್ತಕವಿಲ್ಲ, ಹೆಚ್ಚಿನವಕ್ಕೆ ಹೆಸರೂ ಇಲ್ಲ. ಬೆಳಿಗ್ಗೆ ಪಾರ್ಕಿನಲ್ಲಿ ಸುತ್ತು ಹಾಕುವ ಹತ್ತು ಹದಿನೈದು ಜನ, ಒಂದು ವಾಟ್ಸ್‌ಆ್ಯಪ್ ಗುಂಪು, ತಿಂಗಳಿಗೊಂದು ಭಾನುವಾರ. ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ನೀರಾವರಿ ಇಲಾಖೆಯ ಎಂಜಿನಿಯರು, ಮಕ್ಕಳು ವಿದೇಶದಲ್ಲಿರುವ ದಂಪತಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡೇ ಬರುವ ಒಬ್ಬ ಅಕ್ಕ. ಹೆಸರಿರುವ ಸಂಸ್ಥೆಗಳೂ ಇವೆ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ನಿನ ಘಟಕಗಳು ಕರ್ನಾಟಕದಲ್ಲಿ ಬಹುಕಾಲದಿಂದ ಜನರನ್ನು ಬೆಟ್ಟಕ್ಕೆ ಕರೆದೊಯ್ಯುತ್ತಿವೆ. ಹೆಸರಿನಲ್ಲಿ ‘ಯೂತ್’ ಇದ್ದರೂ ಅಲ್ಲಿ ಹದಿನೆಂಟು ದಾಟಿದವರೆಲ್ಲ ‘ಸೀನಿಯರ್’ ಸದಸ್ಯರೇ. ಆ ಲೆಕ್ಕದಲ್ಲಿ ನಾವು ಸೀನಿಯರ್ ಆಗಿ ಅರ್ಧ ಶತಮಾನವಾಯಿತು ಎಂದು ನಗುವವರಿದ್ದಾರೆ. ಈ ಚಳವಳಿಯ ಮೂಲಪುರುಷ ರಿಚರ್ಡ್ ಶಿರ್ಮಾನ್ ಎಂಬ ಜರ್ಮನಿಯ ಮೇಷ್ಟ್ರು. 1909ರಲ್ಲಿ ಮಕ್ಕಳನ್ನು ನಡಿಗೆಗೆ ಕರೆದೊಯ್ದಾಗ ಬಿರುಮಳೆಗೆ ಸಿಕ್ಕಿ ಹಳ್ಳಿಯ ಶಾಲೆಯೊಂದರಲ್ಲಿ ರಾತ್ರಿ ಕಳೆಯಬೇಕಾಗಿ ಬಂತು; ನಡೆಯುವವರಿಗೆ ತಂಗುಮನೆಗಳಿರಬೇಕು ಎಂಬ ಯೋಚನೆ ಆತನಿಗೆ ಹೊಳೆದದ್ದು ಆಗ. ಆತನ ಮೊದಲ ಹಾಸ್ಟೆಲ್ ಬಾಗಿಲು ತೆರೆದದ್ದು ಆಲ್ಟೇನಾ ಎಂಬ ಊರಿನ ಹಳೆಯ ಕೋಟೆಯಲ್ಲಿ.

ನಮ್ಮ ಹಿರಿಯರ ಮೊದಲ ನಡಿಗೆಗೂ ಸಾಮಾನ್ಯವಾಗಿ ಆರಿಸುವುದು ಕೋಟೆಯನ್ನೇ. ಸಕಲೇಶಪುರದಿಂದ ಮಂಗಳೂರಿನ ದಿಕ್ಕಿಗೆ ಹೆದ್ದಾರಿ ಹಿಡಿದರೆ ದೋಣಿಗಾಲ್ ಹತ್ತಿರ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನನ ಕಾಲದಲ್ಲಿ 1792ರ ಹೊತ್ತಿಗೆ ಮುಗಿದದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ. ಫಿರಂಗಿ ಬಂದ ಮೇಲೆ ಯುರೋಪಿನಲ್ಲಿ ರೂಢಿಯಾದ, ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನ್ ಹೆಸರಿನೊಂದಿಗೆ ಸೇರಿಕೊಂಡ ಮಾದರಿ ಇದು. ಮೂಲೆಗಳು ಮುಂಚಾಚಿರುವುದರಿಂದ ಯಾವ ಗೋಡೆಯ ಬುಡಕ್ಕೆ ಶತ್ರು ಬಂದರೂ ಪಕ್ಕದ ಮೂಲೆಯಿಂದ ಗುಂಡು ಹಾರಿಸಬಹುದು. ಡ್ರೋನಿನಲ್ಲಿ ತೆಗೆದ ಚಿತ್ರ ನೋಡಿ ನಕ್ಷತ್ರ ಕಾಣಲೆಂದು ಬರುವವರಿಗೆ ನೆಲದ ಮೇಲೆ ಅದು ಕಾಣುವುದಿಲ್ಲ, ಬರೀ ಗೋಡೆಯ ತಿರುವುಗಳು ಸಿಗುತ್ತವೆ. ಹಿರಿಯರು ಮೆಟ್ಟಿಲು ಹತ್ತಿ ನೇರ ಹೋಗುವುದು ನಡುವಿನ ಕೊಳಕ್ಕೆ. ಕೂಡು ಗುರುತಿನಂತೆ ನಾಲ್ಕು ದಿಕ್ಕಿಗೂ ಕೈ ಚಾಚಿದ, ಕಲ್ಲಿನ ಮೆಟ್ಟಿಲುಗಳಿರುವ ಕೊಳ. ಬೆಟ್ಟದ ನೆತ್ತಿಯಲ್ಲಿ ದಂಡು ಇಡಬೇಕಾದರೆ ಮೊದಲು ನೀರು ಬೇಕು. ಆ ಲೆಕ್ಕ ಹಾಕಿ ಕಟ್ಟಿದವನ ಜಾಣತನಕ್ಕೆ ಈ ಕೊಳವೇ ಸಾಕ್ಷಿ. ನನ್ನ ಕಣ್ಣಿಗೆ ಇಡೀ ಕೋಟೆಯಲ್ಲಿ ಅದೇ ಮುಖ್ಯ ವಸ್ತು. ಅದರ ಪಕ್ಕ ಫೋಟೊ ತೆಗೆಸಿಕೊಳ್ಳುವವರು ಮಾತ್ರ ಕಡಿಮೆ.

ಬೆಟ್ಟದ ಮೇಲಿನ ಸರೋವರ ಎಂದೊಡನೆ ಹಿಮಾಲಯ ನೋಡಿ ಬಂದವರ ಮನಸ್ಸಿನಲ್ಲಿ ಒಂದು ಚಿತ್ರವಿರುತ್ತದೆ: ನೀಲಿ ನೀರು, ಸುತ್ತ ಹಿಮದ ಗೋಡೆ. ಅಂಥವನ್ನು ಕೊರೆದದ್ದು ಹಿಮನದಿ. ನಮ್ಮ ಘಟ್ಟದಲ್ಲಿ ಹಿಮನದಿ ಹರಿಯಲಿಲ್ಲ. ಇಲ್ಲಿ ಮಳೆ ಬೇಕಾದಷ್ಟು ಸುರಿಯುತ್ತದೆ, ಸುರಿದದ್ದೆಲ್ಲ ಇಳಿಜಾರಿನಲ್ಲಿ ಓಡಿಬಿಡುತ್ತದೆ. ಆದ್ದರಿಂದ ಈ ಸೀಮೆಯ ಬೆಟ್ಟಗಳ ನಡುವೆ ನೀರಿನ ದೊಡ್ಡ ಹರವು ಕಂಡರೆ ಅದನ್ನು ಯಾರೋ ನಿಲ್ಲಿಸಿದ್ದಾರೆ ಎಂದೇ ತಿಳಿಯಬೇಕು. ಘಟ್ಟದ ಅಂಚಿನಲ್ಲಿ, ಬಿಸಿಲೆ, ಹೆತ್ತೂರಿನ ಕಡೆ, ಹಳ್ಳಗಳೇ ಸಾಕಾಗುತ್ತಿದ್ದವು. ಪೂರ್ವಕ್ಕೆ ಆಲೂರಿನತ್ತ ಬಂದಂತೆ ಕೆಲವೇ ಹರದಾರಿಯಲ್ಲಿ ಮಳೆ ತೀರಾ ತಗ್ಗುತ್ತದೆ, ಕೆರೆಗಳು ಒಂದೊಂದಾಗಿ ಎದುರಾಗುತ್ತವೆ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಗೆರೆಯನ್ನು ಭೂಪಟದಲ್ಲಿ ಹುಡುಕುವುದಕ್ಕಿಂತ ಕೆರೆ ಏರಿಗಳನ್ನು ಎಣಿಸಿ ಗುರುತಿಸುವುದು ಸುಲಭ.

ಏರಿಗೆ ಬಂದು ನಿಂತ ಮೇಲೆ ಹಿರಿಯರ ಬಳಗ ಯಾಕೆ ಹುಡುಗರಿಗಿಂತ ಭಿನ್ನ ಎಂಬುದು ಗೊತ್ತಾಗುತ್ತದೆ. ಹುಡುಗರಿಗೆ ಅದು ‘ವ್ಯೂ’. ಇವರಲ್ಲಿ ಅರ್ಧ ಜನ ಬಾಲ್ಯದಲ್ಲಿ ಕೆರೆಯ ಕೆಳಗಿನ ಗದ್ದೆಯಲ್ಲಿ ಕೆಸರು ತುಳಿದವರು.

“ತೂಬು ಎಲ್ಲೈತೆ ನೋಡಿ ಮೇಷ್ಟ್ರೇ.”

“ತೂಬು ಆಮೇಲೆ. ಕೋಡಿ ಏರಿಸವ್ರೆ, ಅದನ್ನು ನೋಡ್ರಿ ಮೊದಲು.”

ಕೋಡಿ ಎಂದರೆ ತುಂಬಿ ಹೆಚ್ಚಾದ ನೀರು ಹೊರಕ್ಕೆ ಹರಿಯುವ ತಗ್ಗು. ಇನ್ನಷ್ಟು ನೀರು ನಿಲ್ಲಲಿ ಎಂಬ ಆಸೆಗೆ ಅಲ್ಲಿ ನಾಲ್ಕು ಸಾಲು ಕಲ್ಲು ಕಟ್ಟಿಬಿಟ್ಟರೆ ಜೋರು ಮಳೆಯ ರಾತ್ರಿ ನೀರು ಏರಿಯ ಮೇಲೆಯೇ ಹತ್ತುತ್ತದೆ. ಮಣ್ಣಿನ ಏರಿ ಅದನ್ನು ತಡೆಯಲಾರದು. ಏಡಿ ಕೊರೆದ ಬಿಲ, ಗೆದ್ದಲ ಹುತ್ತ, ಏರಿಯ ಮೇಲೆ ಬೆಳೆಯಲು ಬಿಟ್ಟ ದೊಡ್ಡ ಮರದ ಬೇರು, ಇವೂ ಒಳಗೊಳಗೇ ದಾರಿ ಮಾಡುತ್ತವೆ. ಹಳೆಯ ತೂಬು ಎಂದರೆ ನೀರೊಳಗೆ ನಿಂತ ಎರಡು ಕಲ್ಲುಕಂಬ, ಅಡ್ಡಪಟ್ಟಿ, ನಡುವೆ ಮೇಲಕ್ಕೆತ್ತಿ ಇಳಿಸುವ ಬಿರಡೆ. ಅದನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ತೀರ್ಮಾನಿಸುತ್ತಿದ್ದವನು ನೀರುಗಂಟಿ. ಅವನಿಗೆ ಸುಗ್ಗಿಯಲ್ಲಿ ಕಣದಿಂದಲೇ ಕಾಳು ಸಲ್ಲುತ್ತಿತ್ತು. ಈ ವ್ಯವಸ್ಥೆಗೆ ಸಾವಿರ ವರ್ಷದ ಕಾಗದಪತ್ರವಿದೆ, ಕಲ್ಲಿನ ಮೇಲೆ. ಕೆರೆ ಕಟ್ಟಿಸಿದವನಿಗೆ ಬಿಟ್ಟ ಭೂಮಿ ಕಟ್ಟುಕೊಡಗೆ. ಕೆರೆಯ ದುರಸ್ತಿಗೆಂದು ಬಿಟ್ಟದ್ದು ಬಿತ್ತುವಟ್ಟ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟ ಪೂರ್ತಿ ಹಾಸನ ಜಿಲ್ಲೆಯ ಶಾಸನಗಳದ್ದು. ಸಕಲೇಶಪುರವನ್ನು ಅದರಲ್ಲಿ ಮಂಜರಾಬಾದ್ ತಾಲ್ಲೂಕು ಎಂಬ ಅಂದಿನ ಹೆಸರಿನಲ್ಲೇ ಹುಡುಕಬೇಕು. ಈಗಿನ ಹಂಚಿಕೆಯಲ್ಲಿ ನಲವತ್ತು ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯಿತಿ ವ್ಯವಸ್ಥೆಯದು. ಬೆಟ್ಟದ ಮಡಿಲಿನ ಕೆರೆಗಳು ಬಹುಪಾಲು ಚಿಕ್ಕವು. ದುಡ್ಡೂ ಅಷ್ಟೇ ಚಿಕ್ಕದು.

ಇನ್ನೊಂದು ಬದಲಾವಣೆ ಕೆರೆಯ ಕೆಳಗೆ ನೋಡಿದರೆ ಕಾಣುತ್ತದೆ. ಗದ್ದೆಗಳು ಅನೇಕ ಕಡೆ ಪಾಳು ಬಿದ್ದಿವೆ. ಭತ್ತ ನಾಟಿಗೆ ಆಳು ಸಿಗುವುದಿಲ್ಲ, ಸಿಕ್ಕಿ ಬೆಳೆದರೆ ತೆನೆಯ ಹೊತ್ತಿಗೆ ಆನೆ ಬರುತ್ತದೆ. ನೀರು ಕೆಳಕ್ಕೆ ಹರಿಯುವ ಬದಲು ಪಂಪ್‌ಸೆಟ್ಟಿನಲ್ಲಿ ಮೇಲಕ್ಕೆ, ತೋಟಕ್ಕೆ ಹತ್ತುತ್ತದೆ. ರೊಬಸ್ಟ ಗಿಡಕ್ಕೆ ಫೆಬ್ರುವರಿ, ಮಾರ್ಚಿನಲ್ಲಿ ಹೂಮಳೆ ಬೇಕು. ಮೋಡ ಕೈಕೊಟ್ಟರೆ ಸ್ಪ್ರಿಂಕ್ಲರ್ ಓಡಿಸಬೇಕು. ಗದ್ದೆಗೆಂದು ಕಟ್ಟಿದ ಕೆರೆಯನ್ನು ಕಾಫಿಯ ಹೂವು ಕುಡಿಯುತ್ತಿದೆ. ತಪ್ಪೆನ್ನಲಾರೆ, ತೋಟದವರಿಗೂ ಬದುಕಿದೆ. ಆದರೆ ತೂಬು ಎತ್ತಲು ಯಾರೂ ಬಾರದಿದ್ದರೆ ಅದು ಹೂಳಿನಲ್ಲಿ ಮುಚ್ಚಿಹೋಗುತ್ತದೆ. ನೀರುಗಂಟಿಯ ಮನೆತನವಿರುವ ಊರಿನಲ್ಲೂ ತೂಬಿನ ಜಾಗ ತೋರಿಸಲು ಈಗ ವಯಸ್ಸಾದವರನ್ನೇ ಕರೆಯಬೇಕು.

ಇನ್ನು ಬಳಗದ ನಡಿಗೆಯ ವೇಗದ ಮಾತು. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಒಂದು ಲೆಕ್ಕ ಕೊಟ್ಟ, ಬೆಟ್ಟ ಹತ್ತುವವರು ಈಗಲೂ ಬಳಸುತ್ತಾರೆ. ಸುಮಾರಾಗಿ ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆರು ಕಿಲೋಮೀಟರ್ ದಾರಿ, 150 ಮೀಟರ್ ಏರು ಇದ್ದರೆ ಒಂದೂವರೆ ಗಂಟೆಯಲ್ಲಿ ಮುಗಿಯಬೇಕು. ಹಿರಿಯರ ಬಳಗ ಇದಕ್ಕೆ ನಾಲ್ಕು ಗಂಟೆ ಹಿಡಿಯುತ್ತದೆ. ಹತ್ತುವಾಗ ಏದುಸಿರು, ಇಳಿಯುವಾಗ ಮೊಣಕಾಲು. ತೊಂದರೆ ಹೆಚ್ಚು ಕೊಡುವುದು ಇಳಿಯುವಿಕೆಯೇ, ಅದಕ್ಕೇ ಕೋಲು. ಉಳಿದ ಹೊತ್ತು ಕಾಡುಹೂವಿಗೆ, ಕೆಸುವಿನೆಲೆಗೆ, ತೋಟದ ಗೇಟಿನಲ್ಲಿ ಸಿಕ್ಕ ಮೇಸ್ತ್ರಿಯ ಜೊತೆ ಮಾತಿಗೆ ಹೋಗುತ್ತದೆ. ಜಪಾನಿನ ಯೂಇಚಿರೊ ಮಿಉರಾ 2013ರಲ್ಲಿ ಎಂಬತ್ತನೆಯ ವಯಸ್ಸಿನಲ್ಲಿ ಎವರೆಸ್ಟ್ ಏರಿದ ಸುದ್ದಿಯನ್ನು ಗುಂಪಿನಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಕೇಳಲು ಚೆಂದ. ಆದರೆ ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಂದ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ವ್ಯಾಯಾಮ, ವಾರದಲ್ಲಿ ಮೂರು ದಿನ ಮೈಯ ಸಮತೋಲ ಕಾಯುವ ಅಭ್ಯಾಸ. ಗದ್ದೆಯ ಬದುವಿನ ಮೇಲೆ ನಡೆಯುವುದಕ್ಕಿಂತ ಒಳ್ಳೆಯ ಸಮತೋಲದ ಪಾಠ ನನಗೆ ಗೊತ್ತಿಲ್ಲ.

ನಿಯಮಗಳು ಬರೆದಿಟ್ಟವಲ್ಲ, ಆದರೂ ಗಟ್ಟಿ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ. ಗಟ್ಟಿಮುಟ್ಟಾದ ಒಬ್ಬರು ಹಿಂದೆ. ಬಿ.ಪಿ., ಸಕ್ಕರೆ ಮಾತ್ರೆ ಅವರವರ ಜೇಬಿನಲ್ಲಿ, ಜೀಪಿನಲ್ಲಲ್ಲ. ಬುತ್ತಿಗೆ ಅಕ್ಕಿರೊಟ್ಟಿ, ಕಾಯಿಚಟ್ನಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಂಬಳಗಳ ಕಾಲ. ಉಪ್ಪಿನ ಗಂಟು ಕಟ್ಟಿಕೊಂಡು ಹೋಗುವ ಉತ್ಸಾಹಿಗಳಿದ್ದರೂ ಬಳಗಗಳು ಹೊರಡುವುದು ದಸರಾ ಕಳೆದ ಮೇಲೆ. ತೋಟದ ದಾರಿಯಾದರೆ ಯಜಮಾನರಿಗೆ ಮೊದಲೇ ಹೇಳಬೇಕು. ಕಾಡಿನ ದಾರಿಯಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯ ಕಡೆ ಸುರಂಗಗಳ ನಡುವೆ ರೈಲು ಹಳಿಯ ಮೇಲೆ ನಡೆಯುತ್ತಿದ್ದ ಕಾಲ ಹೋಯಿತು. ಅದು ನಿಷಿದ್ಧ, ಅಪಾಯವೂ ಹೌದು. ಹೆಂಗಸರಿಗೆ ದಾರಿಯಲ್ಲಿ ಶೌಚಾಲಯವಿಲ್ಲ ಎಂಬುದು ಪ್ರತಿ ಸಲದ ತಕರಾರು, ನ್ಯಾಯವಾದ ತಕರಾರು. ಗುಂಪಿನಲ್ಲಿ ಹೆಂಗಸರ ಸಂಖ್ಯೆ ಹೆಚ್ಚುತ್ತಿದೆ ಬೇರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಅವರದು ಶೂನ್ಯ ಚೀಟಿ, ಅರವತ್ತು ದಾಟಿದ ಗಂಡಸರಿಗೆ ಶೇಕಡ 25 ರಿಯಾಯಿತಿ. ‘ನಿಮ್ಮ ಟಿಕೆಟ್ ದುಡ್ಡಲ್ಲಿ ಕಾಫಿ ಕೊಡಿಸಿ’ ಎಂಬ ಮಾತಿಗೆ ಬಸ್ಸು ಹಾಸನ ಬಿಡುವ ಮೊದಲೇ ಚಾಲನೆ ಸಿಕ್ಕಿರುತ್ತದೆ.

ಆನೆಯ ವಿಷಯದಲ್ಲಿ ತಮಾಷೆಯಿಲ್ಲ. ಆಲೂರು, ಸಕಲೇಶಪುರದ ಕಾಡಾನೆಗಳು ಕಾಡಿನಲ್ಲಷ್ಟೇ ಇರುವವಲ್ಲ, ಕಾಫಿ ತೋಟದಲ್ಲೇ ಹಗಲು ಕಳೆಯುವವು. ಯಾವ ಹಿಂಡು ಎಲ್ಲಿದೆ ಎಂದು ಮೊಬೈಲ್ ಸಂದೇಶದಲ್ಲಿ ಎಚ್ಚರಿಸುವ ವ್ಯವಸ್ಥೆಯಿದೆ. ಹೊರಡುವ ದಿನ ಅದನ್ನು ನೋಡದೆ, ಊರವರನ್ನು ಕೇಳದೆ ಕೆರೆ ಕಡೆ ಕಾಲಿಡಬಾರದು, ಯಾಕೆಂದರೆ ಕೆರೆ ಆನೆಯದೂ ಹೌದು. ಎಂಟು ಸಲ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಪಳಗಿದ ಆನೆಗೇ ಹಾಗಾದರೆ ಕೋಲೂರಿಕೊಂಡು ಹೋಗುವವರ ಗತಿಯೇನು? ಬೆಳಗಿನ ಒಂಬತ್ತರ ಮೇಲೆ ಹೊರಟು ನಾಲ್ಕರೊಳಗೆ ಟಾರು ರಸ್ತೆಗೆ ಬಂದುಬಿಡುವುದು ಬಳಗಗಳ ರೂಢಿ.

ಒಂದೆರಡು ಕೆರೆ ನೋಡಿದವರು ಆಮೇಲೆ ಬಿಸಿಲೆ ರಸ್ತೆಯ ಮಂಕನಹಳ್ಳಿಗೆ ಹೋಗಬೇಕು. ಅಲ್ಲಿ ಕೆರೆಯಿಲ್ಲ, ಆದರೆ ನೀರಿನ ಕತೆಯ ಬುಡ ಅಲ್ಲಿದೆ. ರಿಡ್ಜ್ ಎಂದು ಕರೆಯುವ ಈ ದಿಣ್ಣೆಯ ಒಂದು ಮಗ್ಗುಲಿಗೆ ಬಿದ್ದ ಮಳೆ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಅಲ್ಲಿಂದ ಅರಬ್ಬಿ ಸಮುದ್ರಕ್ಕೆ. ಇನ್ನೊಂದು ಮಗ್ಗುಲಿನದು ಹೇಮಾವತಿಗೆ, ಗೊರೂರಿನ ಅಣೆಕಟ್ಟೆ ದಾಟಿ ಕಾವೇರಿಗೆ, ಬಂಗಾಳ ಕೊಲ್ಲಿಗೆ. ಭೂಗೋಳದ ಪಾಠ ಮಾಡಿದ ಮೇಷ್ಟ್ರುಗಳು ಇಲ್ಲಿ ನಿಂತೇ ಪಾಠ ಶುರುಮಾಡುತ್ತಾರೆ.

ಈಗ ಆ ಪಾಠವನ್ನೂ ತಿದ್ದಬೇಕಾಗಿದೆ. ಪಶ್ಚಿಮಕ್ಕೆ ಹರಿಯುವ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಸಕಲೇಶಪುರ ತಾಲ್ಲೂಕಿನಲ್ಲೇ ಒಡ್ಡು ಕಟ್ಟಿ, ಮಳೆಗಾಲದ 24.01 ಟಿಎಂಸಿ ನೀರನ್ನು ಮೇಲೆತ್ತಿ ಪೂರ್ವಕ್ಕೆ, ಕೋಲಾರ, ಚಿಕ್ಕಬಳ್ಳಾಪುರಗಳತ್ತ ತಿರುಗಿಸುವುದು ಯೋಜನೆ. 2024ರ ಸೆಪ್ಟೆಂಬರ್ 6ರಂದು ಅದರ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಕುಡಿಯಲು ಕೊಡುವುದರ ಜೊತೆಗೆ 527 ಕೆರೆ ತುಂಬಿಸುವ ಲೆಕ್ಕವೂ ಅದರಲ್ಲಿದೆ. ಅಷ್ಟು ನೀರು ಅಲ್ಲಿ ಸಿಗುತ್ತದೆಯೇ, ಕಾಡಿಗಾದ ನಷ್ಟಕ್ಕೆ ಬೆಲೆ ಕಟ್ಟಿದವರು ಯಾರು ಎಂಬ ವಾದ ಮಂಕನಹಳ್ಳಿಯ ದಿಣ್ಣೆಯ ಮೇಲೆ ಬುತ್ತಿ ಬಿಚ್ಚಿದಾಗಲೆಲ್ಲ ಎದ್ದೇಳುತ್ತದೆ. ಕೋಲಾರದಲ್ಲಿ ಮಗಳ ಮನೆಯಿರುವವರು ಒಂದು ಕಡೆ, ಘಟ್ಟದಲ್ಲಿ ತೋಟವಿರುವವರು ಇನ್ನೊಂದು ಕಡೆ. ನನಗನ್ನಿಸುವುದಿಷ್ಟು: ನೂರಾರು ಕಿಲೋಮೀಟರ್ ಆಚೆಯ ಕೆರೆ ತುಂಬಿಸಲು ಹೊರಟ ನಾಡು, ದಾರಿಯಲ್ಲೇ ಸಿಗುವ ಆಲೂರಿನ ಚಿಕ್ಕ ಕೆರೆಗಳ ತೂಬು, ಕೋಡಿಗಳನ್ನು ಮೊದಲು ಸರಿಮಾಡಬಹುದಿತ್ತು.

ಮಂಕನಹಳ್ಳಿಯವರೆಗೂ ವಾಹನ ಹೋಗುತ್ತದೆ. ನಡೆದೇ ಹೋಗಬೇಕೆನ್ನುವವರು ಒಂದೆರಡು ಮೈಲಿ ಮೊದಲೇ ಇಳಿಯಬಹುದು. ಮಧ್ಯಾಹ್ನದ ಮೇಲೆ ಆ ದಾರಿಯಲ್ಲಿ ಬಸ್ಸು ವಿರಳ, ಹಾಗಾಗಿ ಜೀಪಿನವನಿಗೆ ಬಾಡಿಗೆ ಪೂರ್ತಿ ಕೊಟ್ಟು ಕಳಿಸಬೇಡಿ.